ಪೂರ್ತಿ ಉರಿಸಿದ ಲೈಟು

ಅಕ್ಕಾ,

ಲೆಕ್ಕ ಕೇಳು: ಹೊಸ ಎಲ್‌ಇಡಿ ಲೈಟು ಒಂದು, ನೀನು ಆರು ವರ್ಷ ಸಾಕಿದ ಹವಳ ಒಂಬತ್ತು.

ನೀನು ತೀರಿಕೊಂಡ ಮೇಲೆ ನಿನ್ನ ಉಪ್ಪುನೀರಿನ ಅಕ್ವೇರಿಯಂ ನನ್ನ ಪಾಲಿಗೆ ಬಂತು. ಹಳೇ ಟ್ಯೂಬು ಮಂಕಾಗಿತ್ತೆಂದು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಲೈಟು ತಂದು ಪೂರ್ತಿ ಉರಿಸಿದೆ. ನಾಲ್ಕೇ ದಿನಕ್ಕೆ ಹವಳವೆಲ್ಲ ಸುಣ್ಣದಂತೆ ಬೆಳ್ಳಗಾಗಿ ಸತ್ತಿತು.

ಜಗಳಕ್ಕೆ ಹೋದರೆ ಅಂಗಡಿಯವನು ನನ್ನನ್ನೇ ಬೈದ: "ಮೊದಲು ಕಾಲು ಭಾಗ ಉರಿಸಿ, ವಾರ ವಾರ ಏರಿಸ್ಬೇಕು. ನಿಮ್ಮಕ್ಕಾನೇ ನಂಗೆ ಕಲಿಸಿದ್ದು. ನಿಮಗೆ ಹೇಳಿರ್ಲಿಲ್ವಾ?"

ಅವನಿಗೆ ಹೇಳಲು ಬಾಯಿತ್ತು, ಒಡಹುಟ್ಟಿದವನಿಗೆ ಹೇಳಲು ಇರಲಿಲ್ಲವೇ? ನೀನು ಲೈಟಿನ ಮಾತೆತ್ತಿದಾಗಲೆಲ್ಲ ನಾನು "ಎಷ್ಟು ದಂಡ ಆಯ್ತು?" ಎನ್ನುತ್ತಿದ್ದೆ, ನಿಜ. ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳುವುದೇ?

ಅಂಗಡಿಯವನಿಗೆ ವ್ಯಾಪಾರವಾಯಿತು. ನನಗೆ ಒಂಬತ್ತು ಬಿಳಿ ಕಲ್ಲು. ನಿನಗೆ ಈ ಕಾಗದವೂ ಇಲ್ಲ.