ಮೊದಲ ಬಸ್ಸಿಗೆ ದ್ಯಾಮಪ್ಪನ ಬ್ರೇಕು

ಹುಬ್ಬಳ್ಳಿ, ಫೆಬ್ರವರಿ ೩೦, ೨೧೯೪

ಹಿಂದಿನ ಕಾಲದ ಮಾನ್ಯರೇ,

ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ; ಕ್ಯಾಲೆಂಡರನ್ನು ನಾವು ತಿದ್ದಿಕೊಂಡಿದ್ದೇವೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಎನಿಸಿದರೆ ಕ್ಷಮಿಸಿ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನು ನಿಂಗವ್ವ ಬಡಿಗೇರ, ಬಸ್ಸು ರಿಪೇರಿಯ ವರ್ಕ್‌ಶಾಪಿನಲ್ಲಿ ಹೆಗಲಾಳು. ಚಟ ಬಿಡಿಸುವ ಚಿಕಿತ್ಸೆಯಲ್ಲಿರುವವರಿಗೆ ಕೆಲಸ ಹುಡುಕಿಕೊಟ್ಟು, ಅದು ಕೈತಪ್ಪದಂತೆ ವರ್ಷವಿಡೀ ಜೊತೆಗೆ ನಿಲ್ಲುವವರನ್ನು ಹಾಗೆ ಕರೆಯುತ್ತೇವೆ. ಬೆಳಿಗ್ಗೆ ಹತ್ತಕ್ಕೆ ಮದ್ದಿನ ಗಂಟೆ ಬಡಿಯುತ್ತದೆ. ಮ್ಯಾನೇಜರರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಗ್ರೀಸ್ ತೊಳೆದುಕೊಂಡು ಒಂದೇ ಕಿಟಕಿಯ ಮುಂದೆ ಸಾಲು ನಿಲ್ಲುತ್ತಾರೆ. ಕೆಲವರ ಲೋಟದಲ್ಲಿ ಔಷಧ, ಉಳಿದವರದ್ದರಲ್ಲಿ ಜೀರಿಗೆ ಕಷಾಯ. ಯಾರದರಲ್ಲಿ ಏನಿದೆ ಎಂದು ಇಣುಕುವುದು ನಮ್ಮಲ್ಲಿ ಎಂಜಲು ಕೈಯಲ್ಲಿ ಬಡಿಸಿದಷ್ಟೇ ಹೇಸಿಗೆ.

ಇಷ್ಟೆಲ್ಲ ಇದ್ದೂ ದ್ಯಾಮಪ್ಪನ ವಿಷಯದಲ್ಲಿ ನಾವು ತಪ್ಪಿದೆವು. ಅವನು ಬ್ರೇಕ್ ಮೆಕ್ಯಾನಿಕ್, ಕುಡಿತ ಬಿಡುವ ಚಿಕಿತ್ಸೆಯಲ್ಲಿದ್ದ. ಬಂದ ದಿನ ಎಲ್ಲರಿಗೂ ಅಯ್ಯೋ ಪಾಪ ಎನಿಸಿತು. ನೀ ದಣಿಯಬೇಡ ಎಂದು ಒಬ್ಬ ಅವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡ, ಇನ್ನೊಬ್ಬಳು ಕುರ್ಚಿ ತಂದಿಟ್ಟಳು. ನಾನೂ ಒಳ್ಳೆಯದೇ ಆಯಿತೆಂದು ಸುಮ್ಮನಿದ್ದೆ. ಹನ್ನೊಂದು ದಿನ ಕೈಕಟ್ಟಿ ಕೂತವನು ಹನ್ನೆರಡನೆಯ ದಿನ ಬರಲಿಲ್ಲ. ಹುಡುಕಿಕೊಂಡು ಹೋದರೆ ಮನೆಯ ಕಟ್ಟೆಯ ಮೇಲೆ ಕುಡಿದು ಕೂತಿದ್ದ. ಬೈಯಲು ಹೋದವಳು ಬೈಸಿಕೊಂಡು ಬಂದೆ.

“ಅಕ್ಕಾರ, ಸುಮ್ನ ಕೂಡ್ಸಿ ಪಗಾರ ಕೊಡಬ್ಯಾಡ್ರಿ. ಕೆಲಸಾ ಕೊಡ್ರಿ.”

ಆಡಳಿತ ಮಂಡಳಿ ಅವನ ಹೆಸರು ಹೊಡೆದುಹಾಕು ಎಂದಿತು. ಪೂರ್ತಿ ಗುಣವಾಗಿ ಬರಲಿ, ಆಮೇಲೆ ನೋಡೋಣ ಎಂಬ ನಿಮ್ಮ ಕಾಲದ ಹಳೇ ರಾಗ. ಈಜು ಕಲಿತ ಮೇಲೆಯೇ ನೀರಿಗಿಳಿ ಎಂದ ಹಾಗಾಯಿತು! ಸಹಿ ಹಾಕಬೇಕಾದವಳು ನಾನು; ಹಾಕಲಿಲ್ಲ. ಹೊಡೆಯುವುದಾದರೆ ಜೊತೆಗೆ ನನ್ನ ಹೆಸರನ್ನೂ ಹೊಡೆಯಿರಿ ಎಂದು ಬರೆದುಕೊಟ್ಟೆ. ಒಂದು ತಿಂಗಳ ಗಡುವು ಸಿಕ್ಕಿತು. ದ್ಯಾಮಪ್ಪ ಚಿಕಿತ್ಸೆಗೆ ಮರಳಿದ, ನೆಟ್ಟಗಾಗಿ ಕೆಲಸಕ್ಕೂ ಬಂದ. ಕುರ್ಚಿ ಎತ್ತಿಸಿ ಸ್ಪ್ಯಾನರನ್ನು ಅವನ ಕೈಗೆ ಕೊಟ್ಟೆ. ಅವನು ಕಟ್ಟಿದ ಬ್ರೇಕನ್ನು, ಎಲ್ಲರ ಕೆಲಸದಂತೆಯೇ, ಇಬ್ಬರು ಪರೀಕ್ಷಿಸಿ ಒಪ್ಪಿದರು.

ಆದರೂ ಕುಡುಕ ಕಟ್ಟಿದ ಬ್ರೇಕು ಎಂದು ಊರೆಲ್ಲ ಗುಲ್ಲು. ಗಡುವು ಇಂದೇ ಮುಗಿಯುತ್ತದೆ. ಅವನ ಬ್ರೇಕು ಹಾಕಿದ ಮೊದಲ ಬಸ್ಸು ಹೊರಡುವುದೂ ಇಂದೇ; ಅದನ್ನು ಜನ ಹತ್ತದಿದ್ದರೆ ಅವನನ್ನು ಕೆಲಸದಿಂದ ತೆಗೆಯುತ್ತೇವೆ ಎಂದು ಮಂಡಳಿ ಹೇಳಿದೆ. ಸರಿ, ನಾನು ಮುಂದಿನ ಸೀಟಿನಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ, ಪಕ್ಕದಲ್ಲಿ ಆರು ವರ್ಷದ ಮೊಮ್ಮಗಳು. ನಮ್ಮ ವರ್ಕ್‌ಶಾಪಿನವರು ಮಕ್ಕಳುಮರಿ ಸಮೇತ ಹತ್ತುತ್ತಿದ್ದಾರೆ. ಇನ್ನು ಕಾಲಿಡಲು ಜಾಗವಿಲ್ಲ.

ನಿಮ್ಮ ಬಾಗಿಲಲ್ಲೂ ಇಂಥವನೊಬ್ಬ ನಿಂತಿರುತ್ತಾನೆ. ಅವನಿಗೆ ಅವನ ಕೈಗೆ ತಕ್ಕ ಕೆಲಸ ಕೊಡಿ, ಎಡವಿದರೆ ಮತ್ತೆ ಕೊಡಿ. ಆಮೇಲೆ ಅವನು ಮಾಡಿದ್ದನ್ನು ನೀವೇ ಮೊದಲು ಬಳಸಿ.

ಬಸ್ಸು ಹೊರಟಿತು. ಗುಡ್ಡದ ಇಳಿಜಾರು ಶುರುವಾಗುತ್ತಿದೆ. ಮೊಮ್ಮಗಳನ್ನು ನಾನು ಹಿಡಿದುಕೊಂಡಿಲ್ಲ.

— ನಿಂಗವ್ವ