ಇನ್ನೊಂದು ಸೌಟು ಅನ್ನ

ಚಾರ್ಮಾಡಿ,
14 ಜುಲೈ 2025

ಪ್ರೀತಿಯ ಮಗಳು ಹರ್ಷಿತಾಳಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀ ಮಗಾ? ಮಗುವಿಗೆ ಹಾಲು ಸಾಕಾಗುತ್ತದಾ? ಪುತ್ತಿಗೆಯಲ್ಲಿ ನಿನ್ನ ಅತ್ತೆಗೆ ಸೊಂಟನೋವು, ನಿನಗೆ ಬಿಸಿನೀರು ಹಾಕುವವರು ಯಾರು? ನೀನು ಫೋನ್ ಎತ್ತುವುದಿಲ್ಲ, ಅದಕ್ಕೆ ಈ ಕಾಗದ. ತುಳುವಿನಲ್ಲಾದರೆ ಬೈದೇ ಹೇಳುತ್ತಿದ್ದೆ. ಕನ್ನಡದಲ್ಲಿ ಬರೆಯುವಾಗ ನಾನೂ ಸ್ವಲ್ಪ ಮರ್ಯಾದಸ್ಥೆ.

ಅಂಗನವಾಡಿಯ ವಿನೋದಾ ಟೀಚರ್ ಮಗುವನ್ನು ನೋಡಲು ಬಂದು, "ನಿಮಗೆ ಮೊಟ್ಟೆ ಆಗುವುದಿಲ್ಲ ಅಂತ ಅಮ್ಮ ಹೇಳಿದ್ರಲ್ಲ, ಈಗಾದ್ರೂ ತಿನ್ನಿ" ಅಂದಾಗ ನೀನು ನನ್ನ ಮುಖ ನೋಡಿದೆ. ಬಾಣಂತನ ಮುಗಿಯುವ ಮೊದಲೇ, ಮರುದಿನವೇ ಮಗುವನ್ನೆತ್ತಿಕೊಂಡು ಹೊರಟೆ. ಹೌದು ಮಗಾ, ಹೆರಿಗೆಗೆ ನೀನು ಇಲ್ಲಿಗೆ ಬಂದ ಮೇಲೆ, ಬಸುರಿಯರಿಗೆಂದು ಅಂಗನವಾಡಿಯಲ್ಲಿ ಕೊಡುವ ಮೊಟ್ಟೆ ಬೇಡವೆಂದವಳು ನಾನೇ. ಮೀನು ಒಂದೇ ತುಂಡು, ಬೇಳೆ ಹೆಸರಿಗೆ ಮಾತ್ರ, ಹಸಿವೆಂದರೆ ಚಾ, ರಸ್ಕ್. "ಅಮ್ಮಾ, ಇನ್ನೊಂದು ಸೌಟು ಹಾಕು" ಎಂದರೆ, "ಸಾಕು, ಮಗು ದೊಡ್ಡದಾದ್ರೆ ಹೆರುವವಳು ನೀನೇ" ಅನ್ನುತ್ತಿದ್ದೆ. ಒಂದು ಮಧ್ಯಾಹ್ನ ನೀನು ಪಾತ್ರೆಯ ತಳ ಕೆರೆಯುವುದು ಕೇಳಿಸಿತು. ನಾನು ನಿದ್ದೆ ಬಂದವಳಂತೆ ಮಲಗಿದ್ದೆ.

ನನ್ನ ಅಕ್ಕ ಹೆರಿಗೆಯಲ್ಲಿ ಹೋದದ್ದು ನಿನಗೆ ಗೊತ್ತುಂಟು. ಮಗು ದೊಡ್ಡದಿತ್ತು, ಅದಕ್ಕೇ ಎಂದು ನಮ್ಮಮ್ಮ ಹೇಳಿದ್ದರು. ನಾನಾಗ ಹದಿನೆಂಟರವಳು, ನಂಬಿದೆ. ನೀನೂ ಹೋದರೆ ಎಂಬ ಹೆದರಿಕೆಗೆ ನಿನ್ನನ್ನು ಅರೆಹೊಟ್ಟೆಯಲ್ಲಿಟ್ಟೆ. ಮಗು ಎರಡೂಕಾಲು ಕಿಲೋ ಎಂದಾಗ ಗೆದ್ದೆ ಅಂದುಕೊಂಡೆ. ಡಾಕ್ಟರು ಅದರ ತೊಡೆಯ ಚರ್ಮ ಚಿವುಟಿ ಅಳೆದು, "ಕೆನ್ನೆ ನೋಡಿ ಮೋಸ ಹೋಗಬೇಡಿ. ಕೊಬ್ಬು ಉಂಟು, ಮಾಂಸಖಂಡ ಬೆಳೆಯಲಿಲ್ಲ. ಬಸುರಿಗೆ ಮೊಟ್ಟೆ, ಬೇಳೆ, ಮೀನು ಸಾಲದಿದ್ದರೆ ಹೀಗಾಗುವುದುಂಟು. ಮುಂದೆ ಸಕ್ಕರೆ ಕಾಯಿಲೆ ಬಾರದ ಹಾಗೆ ಜಾಗ್ರತೆ ಬೇಕು" ಎಂದರು. ಆ ಕಡ್ಡಿಯಂಥ ಕಾಲುಗಳು ನನ್ನ ಕೈಕೆಲಸ. ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವಂತೆ. ಗಾದೆ ಕಟ್ಟಿದವನಿಗೆ ಮೊಮ್ಮಗಳು ಇರಲಿಲ್ಲವೇನೋ.

ಕ್ಷಮಿಸು ಎಂದು ಕೇಳುವುದಿಲ್ಲ. ಹೊಟ್ಟೆ ತುಂಬ ಉಣ್ಣು, ಅಷ್ಟು ಸಾಕು. ನಿನ್ನ ಅತ್ತೆಯವರಿಗೆ ನಮಸ್ಕಾರ ತಿಳಿಸು. ಮಗುವಿನ ಪಾದಕ್ಕೆ ಅಜ್ಜಿಯ ಮುತ್ತು.

ನಿನ್ನ ಅಮ್ಮ,
ಕಾಂತಿ

ಮರೆತೆ ಅಂದುಕೊಳ್ಳಬೇಡ, ಇದು ಈಗಷ್ಟೇ ತಿಳಿದದ್ದು. ಅಕ್ಕನ ಹೆರಿಗೆ ಮಾಡಿಸಿದ ಸೇಸಮ್ಮ ದೊಡ್ಡಮ್ಮನಿಗೆ ಈ ಕಾಗದ ಓದಿ ಹೇಳಿದೆ. "ದೊಡ್ಡ ಮಗುವಾ? ಯಾರು ಹೇಳಿದ್ದು ಮಾರಾಯ್ತಿ? ಅಂಗೈಯಷ್ಟಿತ್ತು. ಅವಳ ಮೈಯಲ್ಲಿ ರಕ್ತವೇ ಇರಲಿಲ್ಲ. ಮಗು ಸಣ್ಣದಾಗಲಿ ಅಂತ ನಿನ್ನಮ್ಮ ಅವಳಿಗೂ ಅರೆಹೊಟ್ಟೆಗೇ ಹಾಕಿದ್ದು" ಅಂದರು. ಮಗಾ, ಅಕ್ಕನೂ ಇನ್ನೊಂದು ಸೌಟು ಕೇಳಿರಬೇಕು.