ಮ್ಯಾನೇಜ್ ಮಾಡಿಸ್ತೀನಿ ಬಿಡು

10 ನವೆಂಬರ್ 2003, ಸೋಮವಾರ. ಬೆಳಿಗ್ಗೆ

ಗೀಸರ್ ಮತ್ತೆ ಕೈಕೊಟ್ಟಿತು. ಸ್ಟೌವ್ ಮೇಲೆ ನೀರು ಕಾಯಿಸಿ ಸ್ನಾನ. ಹೆಂಡತಿ ಇಂದಿರಾಳ ಮುಖ ಗಂಟು. "ಮ್ಯಾನೇಜ್ ಮಾಡಿಸ್ತೀನಿ ಬಿಡೇ" ಅಂದೆ. "ಊರವರದ್ದೆಲ್ಲ ಮಾಡಿಸ್ತೀರಿ. ಮನೇದು ಬಿಟ್ಟು."

ಊರ ಶಾಲೆಯಲ್ಲಿ ಏಕನಾಥ ಮೇಷ್ಟ್ರು ಬೋರ್ಡಿನ ಮೇಲೆ ಬರೆದಿದ್ದರು – ಮ್ಯಾನೇಜ್ ಅಂದರೆ ನಿರ್ವಹಿಸು. ನಿರ್ವಹಿಸು ಅಂದರೇನು ಸಾರ್ ಎಂದು ಕೇಳಿ ಬೆಂಚಿನ ಮೇಲೆ ನಿಂತೆ. ಅರ್ಥವಾದದ್ದು ದೆಹಲಿಗೆ ಬಂದ ಮೇಲೆ. ಇಲ್ಲಿ ಸಿಲಿಂಡರ್ ಮ್ಯಾನೇಜ್, ಸ್ಕೂಲ್ ಸೀಟು ಮ್ಯಾನೇಜ್, ಅರ್ಜಿ ಕೊಡದೆ ರಜಾ ಮ್ಯಾನೇಜ್. ಒಬ್ಬನನ್ನು ಹಿಡಿಯಬೇಕು, ಇನ್ನೊಬ್ಬನಿಗೆ ಚಹಾ ಕುಡಿಸಬೇಕು, ಅಷ್ಟೆ. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತವನು ನಾನು. ಈ ಒಂದು ಕ್ರಿಯಾಪದದಲ್ಲಿ ಮಾತ್ರ ಎಂ.ಎ.!

ಸಂಜೆ

ನಮ್ಮಕ್ಕ, ಸರಳಕ್ಕನ ಮಗಳು ಧಾರಿಣಿ ಹೌಜ್ ಖಾಸ್ ಹಾಸ್ಟೆಲಿನಿಂದ ಬಂದಿದ್ದಳು. ಮುಂದಿನ ಸೋಮವಾರ ತುಮಕೂರಿನ ಕಾಲೇಜಿನಲ್ಲಿ ಲೆಕ್ಚರರ್ ಇಂಟರ್‌ವ್ಯೂ. ಶುಕ್ರವಾರದ ಬೆಂಗಳೂರು ರೈಲಿಗೆ ಟಿಕೆಟ್ ಇದೆ, ವೇಟಿಂಗ್ ಲಿಸ್ಟಿನಲ್ಲಿ 41.

"ತತ್ಕಾಲ್ ಕ್ಯೂನಲ್ಲಿ ನಿಂತ್ಕೋತೀನಿ ಮಾವ, ರಿಸ್ಕ್ ಬೇಡ."

"ಮಾವ ಇರೋವಾಗ ಕ್ಯೂನಾ? ನನ್ನ ಮರ್ಯಾದೆ ಏನಾಗ್ಬೇಕು? ಎಮರ್ಜೆನ್ಸಿ ಕೋಟಾ ಯಾಕಿರೋದು?"

ಆಫೀಸಿನಲ್ಲಿ ಆ ಕೋಟಾಕ್ಕೆ ಸಾಹೇಬರ ಶಿಫಾರಸು ಪತ್ರ ಟೈಪ್ ಮಾಡಿಸಿ, ಸಹಿ ಹಾಕಿಸಿ, ರೈಲ್ವೆಯವರಿಗೆ ತಲುಪಿಸುವವನು ನಾನೇ. ಪತ್ರ ಹೋಯಿತೆಂದರೆ ಬರ್ತ್ ಬಂದಂತೆ. ಒಂದು ರೈಲಿಗೆ ಒಂದೇ ಪತ್ರ – ಅದು ಸಾಹೇಬರ ಕಟ್ಟುನಿಟ್ಟು.

"ಪಕ್ಕಾ ತಾನೇ ಮಾವ? ಈ ಕೆಲಸ ಸಿಕ್ರೆ ಅಮ್ಮ ಹೊಲಿಗೆ ಬಿಡಬಹುದು."

"ಮಲಗಿಕೊಂಡು ಹೋಗ್ತೀಯ, ರಾಣಿ ಥರ."

12 ನವೆಂಬರ್, ಬುಧವಾರ

ರೋಹಿಣಿ ಬಡಾವಣೆಯ ಕನ್ನಡ ಸಂಘದ ಅಧ್ಯಕ್ಷರು ಕೃಷ್ಣಮೂರ್ತಿ, ನಮ್ಮ ಆಫೀಸಿಗೇ ಬಂದರು. ನನ್ನ ಟೇಬಲ್ಲಿಗೆ! ಅಕ್ಕಪಕ್ಕದವರು ಕತ್ತೆತ್ತಿ ನೋಡಿದರು. ಅವರಿಗೂ ಶುಕ್ರವಾರದ ರೈಲೇ ಬೇಕು. ಊರಲ್ಲಿ ನಾದಿನಿಯ ಗೃಹಪ್ರವೇಶ.

"ಇಪ್ಪತ್ಮೂರಕ್ಕೆ ನಮ್ಮ ಸಂಘದ ರಾಜ್ಯೋತ್ಸವ. ತಿಪ್ಪೇಸ್ವಾಮಿಯವರೇ, ನಿಮಗೊಂದು ಶಾಲು ಹೊದಿಸಬೇಕು ಅಂತ ಕಮಿಟೀಲಿ ಮಾತಾಯ್ತು" ಅಂದರು.

ಆ ರೈಲಿನ ಪತ್ರ ಅಕ್ಕನ ಮಗಳಿಗೆ ಕೊಡಬೇಕಾಗಿದೆ ಎನ್ನಬಹುದಿತ್ತು. "ಮ್ಯಾನೇಜ್ ಮಾಡಿಸ್ತೀನಿ ಬಿಡಿ ಸಾರ್" ಅಂದೆ.

ಇರಲಿ. 41 ಏನು ಮಹಾ... ತಾನಾಗಿ ಇಳಿಯುತ್ತದೆ.

13 ನವೆಂಬರ್, ಗುರುವಾರ

ಬೆಳಿಗ್ಗೆಯೇ ಧಾರಿಣಿಯ ಫೋನ್. "ಮಾವ, ತತ್ಕಾಲ್‌ಗೆ ಇವತ್ತೇ ಕೊನೆ. ನಿಂತ್ಕೊಳ್ಲಾ, ಬೇಡ್ವಾ?"

ಒಂದು ಮಾತು ಸಾಕಾಗಿತ್ತು. ಬೇಡ ಅಂದೆ.

15 ನವೆಂಬರ್, ಶನಿವಾರ

ನಿನ್ನೆ ಬರೆಯಲಾಗಲಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಬೋಗಿಗೆ ಚಾರ್ಟ್ ಅಂಟಿಸಿದ್ದರು. ಧಾರಿಣಿ ಬೆರಳಿಟ್ಟು ಮೇಲಿಂದ ಕೆಳಗೆ ನೋಡಿದಳು. ಮತ್ತೆ ಕೆಳಗಿಂದ ಮೇಲೆ. 41 ಇಳಿದು ಇಳಿದು ಮೂರಕ್ಕೆ ನಿಂತಿತ್ತು.

"ಕೋಟಾದಲ್ಲಿ ಹಾಕಿದ್ರಿ ತಾನೇ ಮಾವ?"

ರೈಲ್ವೆಯವರದ್ದೇ ಏನೋ ಗಡಿಬಿಡಿ ಎಂದೆ. ಬಾಯಿಗೆ ಹಾಗೆ ಬಂತು. ಅಷ್ಟರಲ್ಲಿ ಆ ಬೋಗಿಯ ಬಾಗಿಲಿನಿಂದಲೇ ಕೃಷ್ಣಮೂರ್ತಿ ಕೈಬೀಸಿದರು. "ಓಹೋ ತಿಪ್ಪೇಸ್ವಾಮಿಯವರೇ! ಒಂದೇ ಮಾತಿಗೆ ಕೋಟಾ ಮ್ಯಾನೇಜ್ ಮಾಡಿಬಿಟ್ರಿ! ಲೋವರ್ ಬರ್ತೇ ಸಿಕ್ಕಿದೆ. ಯಾರು, ಮಗಳಾ?"

"ಅಕ್ಕನ ಮಗಳು" ಅಂದೆ.

ಧಾರಿಣಿ ಅವರಿಗೆ ನಮಸ್ಕಾರ ಮಾಡಿದಳು. ನನ್ನ ಕಡೆ ನೋಡಲಿಲ್ಲ. ಬ್ಯಾಗು ಹೆಗಲಿಗೇರಿಸಿ ಜನರಲ್ ಬೋಗಿಯ ಕಡೆ ನಡೆದಳು. ಛಟ್ ಹಬ್ಬ ಮುಗಿಸಿ ಬಂದ ಬಿಹಾರಿಗಳು, ಫೌಜಿ ಸಿಪಾಯಿಗಳು, ಗೋಣಿಚೀಲಗಳು – ಬಾಗಿಲಲ್ಲೇ ಜನ ಜೋತುಬಿದ್ದಿದ್ದರು. ಹಿಂದೆ ಓಡಿದೆ. "ಬೇಡ ಕಣಮ್ಮ, ಟಿಟಿ ಹತ್ರ ಮಾತಾಡ್ತೀನಿ ಇರು..."

"ಬಿಡಿ ಮಾವ. ನಾನೇ ಮ್ಯಾನೇಜ್ ಮಾಡ್ಕೋತೀನಿ."

ವ್ಯಂಗ್ಯವೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಇಂದಿರಾಗೆ ಎಲ್ಲ ಹೇಳಿದೆ. "ಒಂದು ಶಾಲಿಗಾ?" ಅಂದಳು.

18 ನವೆಂಬರ್, ಮಂಗಳವಾರ

ತುಮಕೂರಿನಿಂದ ಸರಳಕ್ಕನ ಎಸ್‌ಟಿಡಿ.

"ತಿಪ್ಪೇಶಾ, ನಿನ್ನಿಂದ ಮಗು ಮಲಕ್ಕೊಂಡು ಬಂತಪ್ಪ. ಮಾವ ಬರ್ತ್ ಕೊಡಿಸಿದ್ರು ಅಂದ್ಲು. ಆದ್ರೂ ಕಾಲು ನೋಡ್ಬೇಕು, ಹೇಗೆ ಊದಿಕೊಂಡಿದೆ! ಜ್ವರ ಬೇರೆ. ಇಂಟರ್‌ವ್ಯೂನಲ್ಲಿ ಗಂಟಲೇ ಏಳಲಿಲ್ಲವಂತೆ. ಎಂಥ ರೈಲೋ ಏನೋ..."

ಅಮ್ಮನಿಗೆ ಹೇಳಿಲ್ಲ ಅವಳು. ನನ್ನ ಮರ್ಯಾದೆ ಉಳಿಸಿದ್ದಾಳೆ, ಊದಿದ ಕಾಲಿಟ್ಟುಕೊಂಡು.

ಆಗಲಾದರೂ ನಿಜ ಹೇಳಬೇಕಿತ್ತು. ನಾನು ಹೇಳಿದ್ದು ಇದು – "ಅಷ್ಟೂ ಮಾಡಿಸದಿದ್ರೆ ನಾನ್ಯಾತರ ಮಾವ ಅಕ್ಕಾ?"

ಫೋನಿಟ್ಟು ತಿರುಗಿದರೆ ಇಂದಿರಾ. ಅನ್ನದ ಪಾತ್ರೆ ಕೈಯಲ್ಲಿ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಾಳೆ.

23 ನವೆಂಬರ್, ಭಾನುವಾರ

ಶಾಲು ಬೇಡ ಅನ್ನಬೇಕೆಂದು ರೋಹಿಣಿಯ ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಒಬ್ಬನೇ. ಇಂದಿರಾ ಬರಲಿಲ್ಲ.

ಮೈಕಿನಲ್ಲಿ ಹೆಸರು ಕರೆದರು. "ಕನ್ನಡಿಗರ ಯಾವ ಕೆಲಸಕ್ಕೂ ಇಲ್ಲ ಅನ್ನದವರು!" ಚಪ್ಪಾಳೆ. ಎದ್ದೆ. ಹೋದೆ. ಕತ್ತು ಬಗ್ಗಿಸಿದೆ. ಫೋಟೋದವನು ನಗಿ ಅಂದ, ನಕ್ಕೆ ಕೂಡ.

ಥೂ.

27 ನವೆಂಬರ್, ಗುರುವಾರ

ಧಾರಿಣಿ ವಾಪಸಾಗಿದ್ದಾಳೆ. ಹಾಸ್ಟೆಲಿಗೆ ಫೋನ್ ಮಾಡಿದೆ. ಆ ಕೆಲಸ ಬೇರೆಯವರಿಗೆ ಆಯಿತಂತೆ. ಹವಾಮಾನ ಹೇಳುವಂತೆ ಹೇಳಿದಳು. "ಶನಿವಾರ ಬರ್ತೀನಿ ಮಾವ. ಅಮ್ಮ ನಿಮಗೆ ಅಂತ ಶೇಂಗಾ ಚಟ್ನಿಪುಡಿ ಕಳಿಸಿದ್ದಾರೆ. ಬರ್ತ್ ಕೊಡಿಸಿದ್ದಕ್ಕೆ."

ಕೊನೆಯ ಮಾತು ಮೆಲ್ಲಗೆ ಹೇಳಿದಳು.

29 ನವೆಂಬರ್, ಶನಿವಾರ. ಮಧ್ಯಾಹ್ನ

ಬಂದಿದ್ದಾಳೆ. ಅಡುಗೆಮನೆಯಲ್ಲಿ ಇಂದಿರಾಳ ಜೊತೆ ರೊಟ್ಟಿ ತಟ್ಟುತ್ತಿದ್ದಾಳೆ. ನಾನು ಕೋಣೆಯಲ್ಲಿ, ಏನೋ ಆಫೀಸಿನ ಕೆಲಸ ಎಂದು ಹೇಳಿ.

ಈಗ ಕರೆದಳು. "ಮಾವಾ, ಬನ್ನಿ, ತಟ್ಟೆ ಹಾಕಿದೆ. ಚಟ್ನಿಪುಡಿಗೆ ಎಣ್ಣೇನಾ, ಮೊಸರಾ?"

ಊಟಕ್ಕೆ ಮುಂಚೆಯೇ ಹೇಳಬೇಕು. ಆ ಪುಡಿ ಬಾಯಿಗಿಟ್ಟ ಮೇಲೆ ಹೇಳಲಾಗುವುದಿಲ್ಲ. ಅಮ್ಮನಿಗೆ ಯಾಕೆ ಸುಳ್ಳು ಹೇಳಿದೆ ಎಂದು ಶುರು ಮಾಡಲೇ? ಛೇ, ಅದೂ ಅವಳ ತಲೆಗೇ ಕಟ್ಟಿದಂತೆ. ಮೊದಲು ಅಕ್ಕನಿಗೆ ಫೋನ್ ಹಚ್ಚಿ, ಇವಳ ಎದುರಿಗೇ, ಅಕ್ಕಾ, ಆ ಬರ್ತ್ ನಾನು...